ಆ್ಯಪ್ ಹೇಳಿದ ವೇಗ, ಪೆಲೆಟ್ ಹೋದ ವೇಗ: ಹಾಸನ, ಚಿಕ್ಕಮಗಳೂರಿನ ಎತ್ತರದಲ್ಲಿ ಏರ್ ರೈಫಲ್ ಲೆಕ್ಕ ತಾಳೆ ನೋಡುವ ಬಗೆ

25 ಮೀಟರಿಗೆ ಝೀರೋ ಮಾಡಿದ, ಅಂದರೆ ಅಲ್ಲಿ ಗುರಿಯಿಟ್ಟ ಚುಕ್ಕೆಗೇ ಪೆಲೆಟ್ (ಸೀಸದ ಸಣ್ಣ ಗುಂಡು) ಬೀಳುವಂತೆ ಸ್ಕೋಪ್ ಹೊಂದಿಸಿದ ಏರ್ ರೈಫಲ್. 40 ಮೀಟರಿನಲ್ಲಿ ಪೆಲೆಟ್ 24 ಮಿಲಿಮೀಟರ್ ಕೆಳಗೆ ಬೀಳುತ್ತದೆ ಎಂದು ಪೆಲೆಟ್ಟಿನ ಹಾದಿ ಲೆಕ್ಕ ಹಾಕುವ ಫೋನಿನ ಬ್ಯಾಲಿಸ್ಟಿಕ್ ಆ್ಯಪ್ ಹೇಳುತ್ತದೆ. ಕಾಗದದಲ್ಲಿ ತೂತು ಬಿದ್ದಿರುವುದು 43 ಮಿಲಿಮೀಟರ್ ಕೆಳಗೆ. ಈ ಆ್ಯಪ್ ಸರಿಯಿಲ್ಲ ಎಂದು ಇನ್ನೊಂದನ್ನು ಇಳಿಸಿಕೊಂಡರೆ ಅದೂ 24 ಎನ್ನುತ್ತದೆ. ಎರಡಕ್ಕೂ ಕೊಟ್ಟದ್ದು ಬಂದೂಕಿನ ಡಬ್ಬದ ಮೇಲೆ ಅಚ್ಚಾದ ಸೆಕೆಂಡಿಗೆ 270 ಮೀಟರ್ ವೇಗ. ಪೆಲೆಟ್ ನಿಜಕ್ಕೂ ಹೊರಡುತ್ತಿರುವುದು 230ರಲ್ಲಿ. ಕೂಡಿ ಕಳೆಯುವುದರಲ್ಲಿ ಈ ಸಾಫ್ಟ್‌ವೇರುಗಳು ತಪ್ಪುವುದು ಅಪರೂಪ. ತಪ್ಪಿರುವುದು ನಾವು ತುಂಬಿದ ನಾಲ್ಕೈದು ಸಂಖ್ಯೆ. ಮಲೆನಾಡಿನ ಅಂಚಿನ ಈ ಎರಡು ಜಿಲ್ಲೆಗಳಲ್ಲಿ ಅವುಗಳ ಜೊತೆಗೆ ಇನ್ನೊಂದು ಸೇರುತ್ತದೆ, ಗಾಳಿಯ ಒತ್ತಡ.

ಮೊದಲು ಯಾವ ಸಾಫ್ಟ್‌ವೇರಿನ ಮಾತು ಎಂಬುದು ಸ್ಪಷ್ಟವಾಗಲಿ. ನಳಿಗೆಯ ಒಳಗೆ ನಡೆಯುವುದನ್ನು ಲೆಕ್ಕ ಹಾಕುವವು ಒಂದು ಜಾತಿ. ಕ್ವಿಕ್‌ಲೋಡ್, ಗಾರ್ಡನ್ಸ್ ರೀಲೋಡಿಂಗ್ ಟೂಲ್ ಈ ಪೈಕಿ. ಮದ್ದು ಉರಿಯುವ ವೇಗ, ಕಾಡತೂಸಿನ ಕೇಸಿನ (ಲೋಹದ ಕವಚದ) ಒಳಜಾಗ, ಗುಂಡಿನ ತೂಕದಿಂದ ಒತ್ತಡವನ್ನೂ ವೇಗವನ್ನೂ ಅಂದಾಜು ಮಾಡುತ್ತವೆ. ಮದ್ದಿನ ಒಂದೊಂದು ಲಾಟೂ ಒಂದೊಂದು ರೀತಿ ಉರಿಯುತ್ತದೆ, ಒಂದೊಂದು ಕಂಪನಿಯ ಕೇಸಿನ ಒಳಜಾಗವೂ ಬೇರೆ. ಹಾಗಾಗಿ ಅಳೆದ ವೇಗಕ್ಕೆ ತಿದ್ದಿ ಹೊಂದಿಸದ ಹೊರತು ಅದು ಅಂದಾಜು ಮಾತ್ರ, ಅಲ್ಲಿ ಅಂದಾಜು ತಪ್ಪಿದರೆ ಬಂದೂಕೇ ಒಡೆಯಬಹುದು. ಅಲ್ಲದೆ ಕಾಡತೂಸು ತಯಾರಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ನಿನಡಿ ಪರವಾನಗಿ ಬೇಡುವ ಕೆಲಸ. ಮನೆಯ ಮೇಜಿನ ಮೇಲೆ ಮಾಡುವಂಥದ್ದಲ್ಲ. ನಳಿಗೆ ಬಿಟ್ಟ ಮೇಲಿನ ಹಾದಿಯನ್ನು ಲೆಕ್ಕ ಹಾಕುವವು ಇನ್ನೊಂದು ಜಾತಿ. ಇಲ್ಲಿರುವುದು ಮುಖ್ಯವಾಗಿ ಅವುಗಳ ಮಾತು, ಅದೂ 4.5 ಮಿಲಿಮೀಟರ್ ಏರ್ ರೈಫಲ್ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕ್ಯಾಲಿಬರ್ 4.5 ಮಿಲಿಮೀಟರ್ ಮೀರಿದರೆ ಅಥವಾ ನಳಿಗೆಯ ಬಾಯಲ್ಲಿ ಶಕ್ತಿ 20 ಜೂಲ್ ದಾಟಿದರೆ ಏರ್‌ಗನ್ನಿಗೂ ಪರವಾನಗಿ ಬೇಕು. ಆ 20 ಜೂಲಿನ ಒಳಗೆ ಇದ್ದೇವೆಯೇ ಎಂದು ತಿಳಿಯುವುದಕ್ಕೂ ಕೆಳಗಿನ ಅಳತೆಗಳೇ ದಾರಿ.

ಇನ್ನೊಂದು ಮಾತು. 10 ಮೀಟರ್ ಸ್ಪರ್ಧೆಗೆ ಮಾತ್ರ ಅಭ್ಯಾಸ ಮಾಡುವವರಿಗೆ ಇದರಲ್ಲಿ ಹೆಚ್ಚಿನದು ಬೇಕಿಲ್ಲ. 175 ಮೀಟರ್ ವೇಗದ ಮ್ಯಾಚ್ ರೈಫಲ್ಲಿಗೆ ಸಮುದ್ರಮಟ್ಟದ ಗಾಳಿಗೂ ಚಿಕ್ಕಮಗಳೂರಿನ ಗಾಳಿಗೂ 10 ಮೀಟರಿನಲ್ಲಿ ಬರುವ ವ್ಯತ್ಯಾಸ ಸುಮಾರು 0.14 ಮಿಲಿಮೀಟರ್. ಹತ್ತರ ಚುಕ್ಕೆಯೇ 0.5 ಮಿಲಿಮೀಟರ್ ಇರುವಾಗ ಅದೂ ಲೆಕ್ಕಕ್ಕೆ ಬಾರದೆ ಇಲ್ಲ, ಆದರೆ ಸೈಟಿನ ಒಂದು ಕ್ಲಿಕ್ಕಿನಲ್ಲಿ ಮುಗಿಯುತ್ತದೆ. 25 ಮೀಟರ್ ದಾಟಿದವರಿಗೆ ಮುಂದಿನದು.

ಜಾಗ

ಕಾಫಿ ಒಣಗಿಸುವ ಕಣ ಉದ್ದಕ್ಕೂ ಸಮತಟ್ಟಿಗೂ ಚೆನ್ನ. ಆದರೆ ಪೆಲೆಟ್ ಸೀಸ; ಕಾಫಿ, ಮೆಣಸು ಹರವುವ ನೆಲದಲ್ಲಿ ಅದು ಉಳಿಯಬಾರದು. ಹಿಂದೆ ಹಳೇ ಬಟ್ಟೆ ಒತ್ತಿ ತುಂಬಿದ ಮರದ ಪೆಟ್ಟಿಗೆ, ಅದರ ಹಿಂದೆ ಮರಳು ತುಂಬಿದ ಗೋಣಿಚೀಲಗಳು. ಬರೀ ಕಲ್ಲುಗೋಡೆಗೆ ಹೊಡೆದರೆ ಪೆಲೆಟ್ ಸಿಡಿದು ವಾಪಸು ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮುಗಿದ ಮೇಲೆ ಕೈ ತೊಳೆಯಿರಿ. ಗುರಿ ಕಾಗದವೇ. ಮರದ ಮೇಲಿನ ಹಕ್ಕಿ, ಮಂಗ, ಅಳಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯವು.

ದೂರವನ್ನು ಟೇಪಿನಲ್ಲೇ ಅಳೆಯಿರಿ. ನಮ್ಮ ಉದಾಹರಣೆಯ ಬಂದೂಕಿಗೆ 40 ಮೀಟರಿನ ಹತ್ತಿರ ಒಂದು ಮೀಟರ್ ದೂರ ತಪ್ಪಿದರೆ ಇಳಿತದಲ್ಲಿ 5 ಮಿಲಿಮೀಟರ್ ತಪ್ಪುತ್ತದೆ. ಒಂದು ಮೀಟರ್ ಹೆಚ್ಚುಕಮ್ಮಿ ತೋರಿಸುವ ಲೇಸರ್ ಅಳತೆಗಾರ ಈ ಕೆಲಸಕ್ಕೆ ಸಾಲದು. ತೋಟದ ಇಳಿಜಾರಿನಲ್ಲಿ ಪರೀಕ್ಷೆ ಬೇಡ. ಕೋನದ ಲೆಕ್ಕ ಸೇರಿಕೊಂಡರೆ ಯಾವುದು ಎಲ್ಲಿ ತಪ್ಪಿತೆಂದು ಬಿಡಿಸಲಾಗದು.

ಪೆಲೆಟ್ ತೂಕ

ಡಬ್ಬಿಯ ಮೇಲಿನ ತೂಕ ಸಾಮಾನ್ಯವಾಗಿ ಗ್ರೇನ್‌ನಲ್ಲಿರುತ್ತದೆ; ಒಂದು ಗ್ರೇನ್ ಎಂದರೆ 0.0648 ಗ್ರಾಮ್. 8.44 ಗ್ರೇನ್ ಪೆಲೆಟ್ 0.547 ಗ್ರಾಮ್. ನೂರನೇ ಒಂದು ಗ್ರಾಮ್ ತೋರಿಸುವ ತಕ್ಕಡಿಯಲ್ಲಿ ಒಂದೇ ಪೆಲೆಟ್ ಇಟ್ಟರೆ 0.54 ಅಥವಾ 0.55 ಎನ್ನುತ್ತದೆ, ಅಲ್ಲೇ ನೂರಕ್ಕೆ ಎರಡರಷ್ಟು ತಪ್ಪು. ಐವತ್ತು ಪೆಲೆಟ್ ಎಣಿಸಿ ಒಟ್ಟಿಗೆ ತೂಗಿ, ಐವತ್ತರಿಂದ ಭಾಗಿಸಿ. 27.35 ಗ್ರಾಮ್ ಬಂದರೆ ಒಂದಕ್ಕೆ 0.547. ತಕ್ಕಡಿ ಇಲ್ಲದಿದ್ದರೆ ಪರಿಚಯದ ಚಿನ್ನದಂಗಡಿಯಲ್ಲಿ ಎರಡು ನಿಮಿಷದ ಕೆಲಸ. ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಪೆಲೆಟ್‌ಗಳ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಆ ಡಬ್ಬಿಯನ್ನು ಪರೀಕ್ಷೆಗೆ ಬಳಸಬೇಡಿ.

ವೇಗ

ಇದಕ್ಕೆ ಕ್ರೋನೋಗ್ರಾಫ್, ಅಂದರೆ ಪೆಲೆಟ್ಟಿನ ವೇಗ ಅಳೆಯುವ ಉಪಕರಣ, ಬೇಕೇ ಬೇಕು. ಅದಿಲ್ಲದೆ ಮುಂದಿನ ಯಾವುದೂ ಆಗದು. ಕೊಳ್ಳಲಾಗದಿದ್ದರೆ ಕ್ಲಬ್ಬಿನಲ್ಲಿ ಒಂದು ಬೆಳಗಿನ ಮಟ್ಟಿಗೆ ಎರವಲು ಪಡೆದರೂ ಆಯಿತು. ಡಬ್ಬದ ಮೇಲಿನ ವೇಗ ಬಹಳ ಸಲ ಹಗುರ ಮಿಶ್ರಲೋಹದ ಪೆಲೆಟ್ಟಿನದು. ಸೀಸದ್ದು ಅಷ್ಟು ಓಡುವುದಿಲ್ಲ.

ಬೆಳಕಿನ ಸೆನ್ಸರ್ ಇರುವ ಕ್ರೋನೋಗ್ರಾಫಿನಲ್ಲಿ ಪೆಲೆಟ್ ಮೊದಲ ಕಣ್ಣಿನಿಂದ ಎರಡನೆಯದಕ್ಕೆ ಹೋಗುವ ಸಮಯ ಅಳೆಯುತ್ತದೆ. ಕಣ್ಣುಗಳ ನಡುವೆ 300 ಮಿಲಿಮೀಟರ್ ಇದ್ದು, ಮಡಚುವ ಕೀಲು ಸಡಿಲವಾಗಿ ಒಂದು ಮಿಲಿಮೀಟರ್ ಸರಿದರೆ ವೇಗ ನೂರಕ್ಕೆ 0.33ರಷ್ಟು ತಪ್ಪುತ್ತದೆ. ನಳಿಗೆ 5 ಡಿಗ್ರಿ ಓರೆಯಾಗಿದ್ದರೆ ಪೆಲೆಟ್ ಉದ್ದದ ದಾರಿ ಹಿಡಿದು 0.4ರಷ್ಟು ನಿಧಾನ ತೋರಿಸುತ್ತದೆ. ಟ್ಯೂಬ್‌ಲೈಟ್ ಕೆಳಗೆ ಇಡಬೇಡಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ಅದು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಸೆನ್ಸರ್ ಅದನ್ನೇ ಪೆಲೆಟ್ ಎಂದುಕೊಳ್ಳಬಹುದು. ಬಯಲಿನ ನೆರಳು, ಮೋಡದ ಬೆಳಕು ಉತ್ತಮ.

ಮೊದಲ ನಾಲ್ಕೈದು ಹೊಡೆತ ಲೆಕ್ಕಕ್ಕಿಲ್ಲ. ಆಮೇಲೆ ಹತ್ತನ್ನು ಬರೆದುಕೊಳ್ಳಿ, ಒಂದನ್ನೂ ಬಿಡದೆ. ಸರಾಸರಿ ತೆಗೆಯಿರಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯ ಸುತ್ತ ಹೊಡೆತಗಳು ಎಷ್ಟು ಹರಡಿವೆ ಎಂಬ ಅಳತೆ) ತೆಗೆಯಿರಿ. ಫೋನಿನ ಸ್ಪ್ರೆಡ್‌ಶೀಟ್ ಎರಡನ್ನೂ ಕೊಡುತ್ತದೆ. ಡೀವಿಯೇಶನ್ 2.5 ಮೀಟರ್ ಇದ್ದರೆ ಹತ್ತು ಹೊಡೆತದ ಸರಾಸರಿಯಲ್ಲಿ ಉಳಿಯುವ ಅನುಮಾನ 0.8 ಮೀಟರ್, ಅಷ್ಟು ಸಾಕು. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅಂತರವನ್ನು ಮಾತ್ರ ನೋಡಿ ಬಂದೂಕಿನ ಗುಣ ಹೇಳುವ ರೂಢಿ ಇದೆ; ಹೊಡೆತ ಹೆಚ್ಚಿದಷ್ಟೂ ಆ ಅಂತರ ತಾನಾಗಿ ಬೆಳೆಯುವುದರಿಂದ ಅದರಲ್ಲಿ ಹುರುಳಿಲ್ಲ.

ಶಕ್ತಿಗೆ: ತೂಕವನ್ನು ಕಿಲೋಗ್ರಾಮಿಗೆ ಇಳಿಸಿ, ವೇಗದ ವರ್ಗದಿಂದ ಗುಣಿಸಿ, ಅರ್ಧ ಮಾಡಿ. 0.547 ಗ್ರಾಮ್, 230 ಮೀಟರ್ ಎಂದರೆ 14.5 ಜೂಲ್. ಅದೇ ಪೆಲೆಟ್ 270 ಮುಟ್ಟಿದರೆ 19.9, ಕಾನೂನಿನ ಗೆರೆಗೆ ಕೂದಲೆಳೆ.

ಒತ್ತಡ: ಇಲ್ಲಿ ಎಡವುವವರೇ ಹೆಚ್ಚು

ಬಹುತೇಕ ಸಾಫ್ಟ್‌ವೇರುಗಳು ಶುರುವಾಗುವುದು 15 ಡಿಗ್ರಿ ಸೆಲ್ಸಿಯಸ್, 1013 ಮಿಲಿಬಾರಿನಲ್ಲಿ. ಆ ಗಾಳಿ ಘನ ಮೀಟರಿಗೆ 1.225 ಕಿಲೋ. ಹಾಸನ 950 ಮೀಟರಿಗೂ ಮೇಲಿದೆ, ಚಿಕ್ಕಮಗಳೂರು 1,090ರ ಆಸುಪಾಸು. ಇಲ್ಲಿ ನಿಜವಾದ ಒತ್ತಡ 900 ಮಿಲಿಬಾರಿನ ಅಕ್ಕಪಕ್ಕ, 25 ಡಿಗ್ರಿಯಲ್ಲಿ ಗಾಳಿ 1.05 ಕಿಲೋ. ನೂರಕ್ಕೆ 14 ತೆಳು. 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ ಒತ್ತಡ 800ಕ್ಕೆ ಇಳಿದಿರುತ್ತದೆ.

ಹವಾಮಾನ ಆ್ಯಪ್ ತೆರೆದರೆ ಚಿಕ್ಕಮಗಳೂರಿಗೂ 1012 ಮಿಲಿಬಾರ್ ಎಂದೇ ತೋರಿಸುತ್ತದೆ. ಅದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ. ಊರು ಊರಿನ ಹವೆ ಹೋಲಿಸಲು ಹಾಗೆ ಮಾಡುತ್ತಾರೆ. ಅದನ್ನೇ ಬ್ಯಾಲಿಸ್ಟಿಕ್ ಆ್ಯಪಿಗೆ ಹಾಕಿದರೆ ಪೆಲೆಟ್ಟನ್ನು ಮಂಗಳೂರಿನ ಕಡಲತೀರದಲ್ಲಿ ಹಾರಿಸಿದ ಹಾಗೆ. ಇದರ ತದ್ವಿರುದ್ಧದ ತಪ್ಪೂ ಉಂಟು. ಬ್ಯಾರೋಮೀಟರ್ ಇರುವ ಫೋನಿನಲ್ಲಿ 895 ಎಂದು ಸರಿಯಾಗಿ ಓದಿ ಅದನ್ನು ತುಂಬುತ್ತಾರೆ, ಜೊತೆಗೆ ಎತ್ತರದ ಕಾಲಮ್ಮಿನಲ್ಲಿ 1,090 ಎಂದೂ ತುಂಬುತ್ತಾರೆ. ಕೆಲವು ಸಾಫ್ಟ್‌ವೇರುಗಳು ಆಗ ಎತ್ತರಕ್ಕಾಗಿ ಎರಡನೇ ಸಲ ಕಳೆಯುತ್ತವೆ. ನಿಜ ಒತ್ತಡ ಗೊತ್ತಿದ್ದರೆ ಎತ್ತರ ಸೊನ್ನೆ ಹಾಕಿ. ಗೊತ್ತಿಲ್ಲದಿದ್ದರೆ 1013 ಮತ್ತು ಎತ್ತರ ಹಾಕಿ. ನಿಮ್ಮ ಸಾಫ್ಟ್‌ವೇರ್ ಎರಡನ್ನೂ ಹೇಗೆ ತೆಗೆದುಕೊಳ್ಳುತ್ತದೆಂದು ಪರೀಕ್ಷಿಸುವುದು ಸುಲಭ: ಒತ್ತಡ ಹಾಗೇ ಬಿಟ್ಟು ಎತ್ತರ ಮಾತ್ರ ಬದಲಿಸಿ, ಇಳಿತ ಬದಲಾದರೆ ಅದು ಕಳೆಯುತ್ತಿದೆ.

ತೇವಾಂಶದ ಕಾಲಮ್ಮಿಗೆ ತಲೆ ಕೆಡಿಸಿಕೊಳ್ಳಬೇಡಿ. ಸಕಲೇಶಪುರದ ಜುಲೈ ಮಳೆಯಲ್ಲೂ ಅದರಿಂದ ಸಾಂದ್ರತೆ ಬದಲಾಗುವುದು ನೂರಕ್ಕೆ ಒಂದು, ಒಂದೂವರೆ. ಉಷ್ಣತೆ ಹಾಗಲ್ಲ: ಡಿಸೆಂಬರ್ ಬೆಳಗಿನ 15 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 33ಕ್ಕೂ ನೂರಕ್ಕೆ 6ರಷ್ಟು ವ್ಯತ್ಯಾಸ.

ಸ್ಕೋಪಿನ ಎತ್ತರ

ನಳಿಗೆಯ ನಡುವಿನಿಂದ ಸ್ಕೋಪಿನ ನಡುವಿಗೆ. ವರ್ನಿಯರ್‌ನಲ್ಲಿ ನಳಿಗೆಯ ಹೊರವ್ಯಾಸದ ಅರ್ಧ, ಸ್ಕೋಪ್ ಕೊಳವೆಯ ಅರ್ಧ, ನಡುವಿನ ಸಂದು, ಮೂರನ್ನೂ ಕೂಡಿಸಿ. ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಬರುತ್ತದೆ. 25 ಮೀಟರ್ ಝೀರೋ ಇರುವಾಗ ಇದರಲ್ಲಿ 5 ಮಿಲಿಮೀಟರ್ ತಪ್ಪಿದರೆ 10 ಮೀಟರಿನಲ್ಲೂ 40ರಲ್ಲೂ 3 ಮಿಲಿಮೀಟರ್ ತಪ್ಪು, ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ.

ಗಾಳಿಯ ಎಳೆತವನ್ನು ಅಳೆಯುವುದು

ಪೆಲೆಟ್ ಗಾಳಿಯ ಎಳೆತವನ್ನು ಎಷ್ಟು ತಡೆದುಕೊಳ್ಳುತ್ತದೆಂದು ಹೇಳುವ ಬ್ಯಾಲಿಸ್ಟಿಕ್ ಕೋಎಫಿಷಿಯಂಟ್ ಎಂಬ ಸಂಖ್ಯೆಯನ್ನು ಎಲ್ಲಿಂದಲೋ ಹೆಕ್ಕಿ ತುಂಬುವವರೇ ಬಹಳ. ಒಂದೇ ಪೆಲೆಟ್ಟಿಗೆ ಹತ್ತು ಕಡೆ ಹತ್ತು ಸಂಖ್ಯೆ ಸಿಗುತ್ತದೆ. ಜಿ1 ಎಂಬ ಎಳೆತದ ಮಾದರಿಗೆ ಕಟ್ಟಿದ ಸಂಖ್ಯೆ ಬೇರೆ, ಏರ್‌ಗನ್ ಪೆಲೆಟ್ಟಿಗೆಂದೇ ಇರುವ ಜಿಎ ಮಾದರಿಯದು ಬೇರೆ. ಒಂದರದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಜಿ1 ಹುಟ್ಟಿದ್ದು 19ನೇ ಶತಮಾನದ ಚಪ್ಪಟೆ ತಳದ ಗುಂಡಿಗಾಗಿ; ಸೊಂಟ ಸಣ್ಣಗಾಗಿ ಹಿಂದೆ ಲಂಗ ತೊಟ್ಟ ಪೆಲೆಟ್ ಅದರ ನೆಂಟನಲ್ಲ. ನೀವೇ ಅಳೆದುಕೊಳ್ಳಿ.

ನಳಿಗೆಯ ಬಾಯಲ್ಲಿ ಹತ್ತು ಹೊಡೆತದ ಸರಾಸರಿ ಆಗಿದೆ. ಅದೇ ಕ್ರೋನೋಗ್ರಾಫನ್ನು ಸರಿಯಾಗಿ 20 ಮೀಟರ್ ಮುಂದಿಡಿ. ಅದರ ಮುಖಕ್ಕೆ ಪೆಲೆಟ್ ತಗಲದಂತೆ ದಪ್ಪ ಹಲಗೆಯ ಅಡ್ಡ ಕಟ್ಟಿ, ಹಾದಿಗೆ ಕಿಂಡಿ ಮಾತ್ರ ಬಿಡಿ. ಮೊದಲು ಅಲ್ಲೊಂದು ಕಾಗದ ಇಟ್ಟು ಹೊಡೆದು ಎಲ್ಲಿ ಹಾಯುತ್ತದೆಂದು ನೋಡಿಕೊಂಡೇ ಉಪಕರಣ ಇಡಿ. ಮತ್ತೆ ಹತ್ತು. 230ಕ್ಕೆ ಹೊರಟದ್ದು 20 ಮೀಟರಿನಲ್ಲಿ 207 ಎಂದು ಬಂದರೆ, ಇಂದಿನ ಉಷ್ಣತೆ, ಒತ್ತಡಗಳನ್ನು ತುಂಬಿದ ಆ್ಯಪಿನಲ್ಲಿ 20 ಮೀಟರಿನ ವೇಗ 207 ಆಗುವವರೆಗೆ ಕೋಎಫಿಷಿಯಂಟನ್ನು ಏರಿಸಿ ಇಳಿಸಿ. ಅಲ್ಲಿಗೆ ನಿಂತದ್ದು ನಿಮ್ಮ ಸಂಖ್ಯೆ.

ಎರಡು ಕಡೆಗೂ ಒಂದೇ ಕ್ರೋನೋಗ್ರಾಫ್ ಎಂದದ್ದಕ್ಕೆ ಕಾರಣವಿದೆ. ಅದು ಎಲ್ಲವನ್ನೂ ನೂರಕ್ಕೆ ಒಂದು ಹೆಚ್ಚು ತೋರಿಸುವ ಉಪಕರಣವಾದರೂ ಎರಡರ ಅನುಪಾತ ಕೆಡುವುದಿಲ್ಲ. ಎಳೆತದ ಲೆಕ್ಕ ನಿಂತಿರುವುದೇ ಅನುಪಾತದ ಮೇಲೆ. ಎರಡು ಬೇರೆ ಉಪಕರಣ ಬಳಸಿ ಒಂದೊಂದೂ ಒಂದು ಶೇಕಡಾ ಬೇರೆ ದಿಕ್ಕಿಗೆ ತಪ್ಪಿದರೆ 20 ಮೀಟರ್ ಅಂತರದಲ್ಲಿ ಎಳೆತ ನೂರಕ್ಕೆ ಇಪ್ಪತ್ತರಷ್ಟು ಹಾಳಾಗುತ್ತದೆ.

ಕಾಗದದ ತಾಳೆ

ಈಗ ಝೀರೋ. ಬೆಳಗಿನ ಗಾಳಿ ಏಳುವ ಮುಂಚೆ. ಊದುಬತ್ತಿಯ ಹೊಗೆ ವಾಲುವಷ್ಟು, ಸೆಕೆಂಡಿಗೆ ಒಂದು ಮೀಟರ್ ಅಡ್ಡಗಾಳಿ ಸಾಕು, 40 ಮೀಟರಿನಲ್ಲಿ ಪೆಲೆಟ್ 19 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. 25ರಲ್ಲಿ ಹತ್ತು ಹೊಡೆತದ ಗುಂಪಿನ ನಡುವನ್ನು ಗುರಿಗೆ ತನ್ನಿ. ಬಳಿಕ ಸ್ಕೋಪ್ ಮುಟ್ಟದೆ 10, 18, 33, 40 ಮೀಟರಿನಲ್ಲಿ ಅದೇ ಚುಕ್ಕೆಗೆ ಹತ್ತು ಹತ್ತು. 230 ಮೀಟರ್ ವೇಗ, 45 ಮಿಲಿಮೀಟರ್ ಸ್ಕೋಪ್ ಎತ್ತರ, ಇಲ್ಲಿನ ಗಾಳಿ, ಮೇಲೆ ಅಳೆದ ಎಳೆತ ಇವಿಷ್ಟಕ್ಕೆ ಲೆಕ್ಕ ಹೇಳುವುದು ಇದು: 10ರಲ್ಲಿ 11 ಮಿಲಿಮೀಟರ್ ಕೆಳಗೆ, 18ರಲ್ಲಿ 1 ಮೇಲೆ, 33ರಲ್ಲಿ 16 ಕೆಳಗೆ, 40ರಲ್ಲಿ 43 ಕೆಳಗೆ.

ಗುಂಪಿನ ನಡು ಈ ಸಂಖ್ಯೆಗಳಿಂದ ಎರಡು ಮಿಲಿಮೀಟರ್ ಒಳಗಿದ್ದರೆ ನಿಲ್ಲಿಸಿ. ಹೊಡೆತಗಳು ಮೇಲೆ ಕೆಳಗೆ 4 ಮಿಲಿಮೀಟರ್ ಡೀವಿಯೇಶನ್ನಿನಲ್ಲಿ ಹರಡುವ ಬಂದೂಕಿನಲ್ಲಿ ಹತ್ತು ಹೊಡೆತದ ನಡುವೇ 1.3 ಮಿಲಿಮೀಟರ್ ಅತ್ತಿತ್ತ. ಅದಕ್ಕಿಂತ ಸೂಕ್ಷ್ಮದ ಬೆನ್ನು ಹತ್ತುವುದು ಪೆಲೆಟ್ ದಂಡ.

ತಪ್ಪು ಹೆಚ್ಚಿದ್ದರೆ? 40 ಮೀಟರಿನ ಮಟ್ಟಿಗೆ ಹೇಳುವುದಾದರೆ, ಎತ್ತರ ಮರೆತು ಸಮುದ್ರಮಟ್ಟದ ಗಾಳಿ ತುಂಬಿದ ತಪ್ಪು 2.5 ಮಿಲಿಮೀಟರ್, ವೇಗದಲ್ಲಿ 5 ಮೀಟರ್ ತಪ್ಪಿದ್ದು 3, ಸ್ಕೋಪ್ ಎತ್ತರದ್ದು 3. ಬಿಡಿಬಿಡಿಯಾಗಿ ಯಾವುದೂ ಒಂದು ಪೆಲೆಟ್ಟಿನ ಅಗಲವಿಲ್ಲ. ಒಂದೇ ದಿಕ್ಕಿಗೆ ಕೂಡಿದರೆ ಎರಡು ಪೆಲೆಟ್ ಅಗಲ. ಬೇರೆ ಬೇರೆ ದಿಕ್ಕಿಗಿದ್ದರೆ ಒಂದನ್ನೊಂದು ನುಂಗಿ ಎಲ್ಲ ಸರಿಯಿರುವ ಹಾಗೆ ತೋರುತ್ತದೆ.

ಹೀಗೆ ನುಂಗಿದ ತಪ್ಪು ಹೊರಬೀಳುವುದು ಗಾಳಿ ಬೀಸಿದ ದಿನ. ಆ್ಯಪಿನಲ್ಲಿ ವೇಗ 240 ಎಂದು ತಪ್ಪಾಗಿ ಕೂತಿದೆ, ಕಾಗದದಲ್ಲಿ 43 ಇಳಿದಿದೆ ಎಂದುಕೊಳ್ಳಿ. ಬಹಳ ಜನ ಮಾಡುವುದು ಕೋಎಫಿಷಿಯಂಟನ್ನು ಹಿಂಡಿ 43 ಬರಿಸುವುದು. ಬರುತ್ತದೆ. 55 ಮೀಟರಿಗೆ ಹೋದರೂ ಇಳಿತ 150ಕ್ಕೆ 154 ಎಂದು ತೋರಿಸಿ ಅನುಮಾನ ಹುಟ್ಟಿಸದು. ಆದರೆ ಅದೇ ಒಂದು ಮೀಟರ್ ಅಡ್ಡಗಾಳಿಗೆ ಆ್ಯಪ್ ಈಗ 19ರ ಬದಲು 26 ಮಿಲಿಮೀಟರ್ ಹೇಳುತ್ತದೆ. ಇಳಿತವೊಂದೇ ತಾಳೆಯಾದ ಮಾತ್ರಕ್ಕೆ ವೇಗವೂ ಎಳೆತವೂ ಸರಿಯೆಂದು ಅರ್ಥವಲ್ಲ. ಅದಕ್ಕೇ ಎರಡನ್ನೂ ಕ್ರೋನೋಗ್ರಾಫಿನಲ್ಲೇ ಅಳೆದು ಬೀಗ ಹಾಕಿ, ಕಾಗದವನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಬೇಕು. ಕಾಗದ ಒಪ್ಪದಿದ್ದರೆ ಮೊದಲು ಟೇಪು, ಆಮೇಲೆ ಸ್ಕೋಪ್ ಎತ್ತರ, ಆಮೇಲೆ ಒತ್ತಡದ ಕಾಲಮ್ಮು ನೋಡಿ.

ನಳಿಗೆಯ ಹಿಂದೆ ನಡೆಯುವುದು

ಸ್ಪ್ರಿಂಗ್ ಬಂದೂಕಿನ ಒಳಗನ್ನು ಲೆಕ್ಕ ಹಾಕುವ ಸ್ಪ್ರೆಡ್‌ಶೀಟುಗಳೂ ಇವೆ: ಸ್ಪ್ರಿಂಗಿನ ಬಲ, ಪಿಸ್ಟನ್ ತೂಕ, ಸಿಲಿಂಡರ್ ಅಳತೆ ಕೊಟ್ಟರೆ ವೇಗ ಹೇಳುತ್ತವೆ. ಅವನ್ನು ದಿಕ್ಕು ತಿಳಿಯಲು ಬಳಸಿ, ಸಂಖ್ಯೆಗಲ್ಲ. ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿಯಲ್ಲಿ ಪೆಲೆಟ್ಟಿಗೆ ಸೇರುವುದು ಮೂರನೇ ಒಂದು ಪಾಲಿನ ಆಸುಪಾಸು. ಉಳಿದದ್ದು ಶಾಖಕ್ಕೆ, ತಿಕ್ಕಾಟಕ್ಕೆ, ವಾಷರ್ ಸಂದಿನ ಸೋರಿಕೆಗೆ. ಸೋರಿಕೆಯನ್ನು ಯಾವ ಸಾಫ್ಟ್‌ವೇರೂ ಊಹಿಸಲಾರದು. ಜೊತೆಗೆ ಇಲ್ಲಿನ ಎತ್ತರ. 25 ಮಿಲಿಮೀಟರ್ ಒಳವ್ಯಾಸ, 80 ಮಿಲಿಮೀಟರ್ ಓಟದ ಸಿಲಿಂಡರಿನಲ್ಲಿ ಹಿಡಿಯುವುದು 39 ಸಿಸಿ ಗಾಳಿ. ಸಮುದ್ರಮಟ್ಟದ ಲೆಕ್ಕದಲ್ಲಿ ಅದು 48 ಮಿಲಿಗ್ರಾಮ್, ಚಿಕ್ಕಮಗಳೂರಿನಲ್ಲಿ 41. ತಳ್ಳುವ ಗಾಳಿಯೇ ಕಡಿಮೆಯಾದ್ದರಿಂದ ಕೆಳಗಿನ ಊರಿನಲ್ಲಿ ಅಳೆದ ಸ್ಪ್ರಿಂಗ್ ಬಂದೂಕು ಇಲ್ಲಿ ನಿಧಾನವಾಗುತ್ತದೆ. ಬಂದೂಕು ಕೆಟ್ಟಿತೆಂದು ಬಿಚ್ಚಬೇಡಿ. ಇದಕ್ಕೆ ವಿರುದ್ಧವಾಗಿ, ಕ್ರೋನೋಗ್ರಾಫಿನಲ್ಲಿ ಒಂದೆರಡು ಹೊಡೆತ ಇದ್ದಕ್ಕಿದ್ದಂತೆ 20, 30 ಮೀಟರ್ ಜಾಸ್ತಿ ಬಂದು, ಸುಟ್ಟ ಎಣ್ಣೆಯ ವಾಸನೆ, ಸಣ್ಣ ಹೊಗೆ ಕಂಡರೆ ಸಿಲಿಂಡರಿನೊಳಗೆ ಎಣ್ಣೆ ಉರಿಯುತ್ತಿದೆ. ಹೊಲಿಗೆ ಮಿಷನ್ ಎಣ್ಣೆ ಬಿಟ್ಟವರಿಗೆ ಬರುವ ಫಲ ಇದು; ವಾಷರ್, ಸ್ಪ್ರಿಂಗ್ ಎರಡೂ ಹಾಳಾಗುತ್ತವೆ. ಎಣ್ಣೆ ಪೂರ್ತಿ ಸುಟ್ಟು ವೇಗ ನೆಲೆಗೆ ಬರುವ ತನಕ ಅಳತೆ ಬರೆಯಬೇಡಿ.

ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ) ಬಂದೂಕಿಗೆ ಗಾಳಿ ಸಿಲಿಂಡರಿನಲ್ಲೇ ಇರುವುದರಿಂದ ಎತ್ತರದ ಕಾಟವಿಲ್ಲ. ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಇಲ್ಲದ್ದಾದರೆ ತುಂಬಿದ ಕೂಡಲೇ ವೇಗ ಕಡಿಮೆ, ನಡುವೆ ಹೆಚ್ಚು, ಕೊನೆಗೆ ಮತ್ತೆ ಕಡಿಮೆ. ಮೀಟರಿನ ಒತ್ತಡ ಬರೆದುಕೊಂಡೇ ಪ್ರತಿ ಹೊಡೆತ ದಾಖಲಿಸಿ, ಸಮತಟ್ಟಾದ ನಡುಭಾಗವನ್ನು ಮಾತ್ರ ಬಳಸಿ. ರೆಗ್ಯುಲೇಟರ್ ಇದ್ದು, ರಾತ್ರಿಯಿಡೀ ಇಟ್ಟ ಬಂದೂಕಿನ ಮೊದಲ ಹೊಡೆತ ಮಾತ್ರ ಉಳಿದವಕ್ಕಿಂತ ಬೇರೆ ಬಂದರೆ ರೆಗ್ಯುಲೇಟರಿನ ಸೀಟು ಸೋರುತ್ತಿದೆ. ಮಳೆಗಾಲದಲ್ಲಿ ಕೈಪಂಪಿನಿಂದ ತುಂಬುವವರು ನೀರು ಬಸಿಯುವ ಫಿಲ್ಟರ್ ಹಾಕಿ. ಇಲ್ಲದಿದ್ದರೆ ಆವಿ ಒಳಗೆ ಸೇರಿ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ವೆಲ್ಡಿಂಗ್ ಶಾಪಿನ ಆಕ್ಸಿಜನ್ ಎಂದಿಗೂ ತುಂಬಬೇಡಿ, ಚೂರು ಗ್ರೀಸ್ ಇದ್ದರೂ ಸ್ಫೋಟವಾಗುತ್ತದೆ.

ಕಾರ್ಬನ್ ಡೈಆಕ್ಸೈಡ್ ಕ್ಯಾಪ್ಸೂಲಿನವು ಬೇರೆಯೇ ಕತೆ. ಒಳಗಿನ ಒತ್ತಡ 10 ಡಿಗ್ರಿಯಲ್ಲಿ 45 ಬಾರ್, 20ರಲ್ಲಿ 57, 30ರಲ್ಲಿ 72. ಡಿಸೆಂಬರಿನಲ್ಲಿ ಅಳೆದ ವೇಗವನ್ನು ಏಪ್ರಿಲ್‌ಗೆ ಒಯ್ಯುವಂತೆಯೇ ಇಲ್ಲ. ಬೇಗ ಬೇಗ ಹೊಡೆದರೆ ಕ್ಯಾಪ್ಸೂಲ್ ತಣ್ಣಗಾಗಿ ಹತ್ತನೇ ಹೊಡೆತಕ್ಕೇ ವೇಗ ಇಳಿದಿರುತ್ತದೆ. ಹೊಡೆತದ ನಡುವೆ ಅರ್ಧ ನಿಮಿಷ ಬಿಡಿ.

ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ತಾರೀಕು, ಉಷ್ಣತೆ, ಒತ್ತಡದ ಜೊತೆ ಬರೆದಿಡಿ. ಸ್ಕೋಪ್ ಬಿಚ್ಚಿ ಹಾಕಿದರೆ ಎತ್ತರ ಮತ್ತು ಝೀರೋ ಮಾತ್ರ ಮತ್ತೆ ನೋಡಬೇಕು. ಪೆಲೆಟ್ಟಿನ ಹೊಸ ಡಬ್ಬಿ ತೆರೆದರೆ ತೂಕ ಮತ್ತು ಬಾಯಿಯ ವೇಗ. ಪೆಲೆಟ್ಟಿನ ಜಾತಿಯೇ ಬದಲಾದರೆ 20 ಮೀಟರಿನ ಅಳತೆಯೂ. ಸ್ಪ್ರಿಂಗ್ ಬಂದೂಕಿನ ವಾಷರ್ ಬದಲಿಸಿದಾಗ ಅದು ಕೂರಲು ನೂರಿನ್ನೂರು ಹೊಡೆತ ಹಿಡಿಯುತ್ತದೆ. ಅಷ್ಟರೊಳಗೆ ಕ್ರೋನೋಗ್ರಾಫ್ ಎರವಲು ತರುವುದು ವ್ಯರ್ಥ ಓಡಾಟ.